ಬಾಗಿಲಿಗೆ ಕೊಟ್ಟ ಕಲ್ಲು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಎಲೆಯಮ್ಮ ಎಂದೇ ಕರೆಯುತ್ತಿದ್ದರು, ಎದುರಿಗಲ್ಲ, ಬೆನ್ನ ಹಿಂದೆ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಕಲ್ಲಿನಲ್ಲಿ ಅಚ್ಚಾಗಿ ಉಳಿದ ಎಲೆಗಳನ್ನು ನೋಡಿ ಆ ಕಲ್ಲಿನ ವಯಸ್ಸು ಹೇಳುವುದು ಅವಳ ಕೆಲಸ. ಒಂದೊಂದು ಕಾಲಕ್ಕೆ ಒಂದೊಂದು ಬಗೆಯ ಎಲೆ. ಹೂಳು ಪದರ ಪದರವಾಗಿ ತುಂಬಿ ಕಲ್ಲಾಗುತ್ತದಲ್ಲ, ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಇಷ್ಟೇ ಲೆಕ್ಕ. ಒಂದೇ ಗುಡ್ಡದ ಮೇಲೆ ವರ್ಷಗಟ್ಟಲೆ ಬೆನ್ನು ಬಗ್ಗಿಸಿ, ಅಂಚಿಗೆ ಹಲ್ಲಿರುವ ಸಣ್ಣೆಲೆ ಮೊದಲು, ಅಗಲದ ಎಲೆ ಆಮೇಲೆ ಎಂದು ಅವಳು ಸರಣಿ ಕಟ್ಟಿದ್ದಳು. ಆ ಸರಣಿಯನ್ನು ನಂಬಿಕೊಂಡು ಎಲ್ಲೆಲ್ಲಿಯವರೋ ತಮ್ಮ ಕಲ್ಲುಗಳಿಗೆ ವಯಸ್ಸು ಬರೆದುಕೊಳ್ಳುತ್ತಿದ್ದರು.

ಅವಳ ತಮ್ಮನೂ ಅದೇ ಕಚೇರಿಯಲ್ಲಿದ್ದ. ಯಾವ ಪದರ ಎಲ್ಲಿ ಬಾಗಿದೆ, ಎಲ್ಲಿ ಮುರಿದಿದೆ ಎಂದು ಬಿಸಿಲಲ್ಲಿ ಅಲೆದು ನಕ್ಷೆ ಬರೆಯುವವನು. ಅಕ್ಕಪಕ್ಕದ ಬೆಟ್ಟಗಳನ್ನೆಲ್ಲ ಸುತ್ತಿ ಬಂದವನು ಒಂದು ದಿನ ತುಂಬಿದ ಸಭೆಯಲ್ಲಿ ಎದ್ದು, "ಅಕ್ಕನ ಗುಡ್ಡ ಮಗುಚಿಕೊಂಡಿದೆ" ಎಂದುಬಿಟ್ಟ. ಕಂಬಳಿ ಮಡಚಿದ ಹಾಗೆ ನೆಲವೇ ಮಡಚಿಕೊಂಡು ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗಿದೆಯಂತೆ. ಹಾಗಾದರೆ ಅಕ್ಕನ ಸರಣಿಯೂ ಹಿಂದುಮುಂದು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ನಕ್ಷೆ ತಲೆಕೆಳಗಾಗಿ ಹಿಡ್ಕೊಂಡಿರ್ತೀಯ ಕಣೋ, ಒಂದ್ಸಲ ತಿರುಗಿಸಿ ನೋಡು" ಎಂದಳು ಎಲೆಯಮ್ಮ.

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಅಂದಿನಿಂದ ಅವನು 'ಉಲ್ಟಾ ಸಾರ್' ಆದ. ಚಿಕ್ಕಂದಿನಿಂದಲೂ ಅಕ್ಕನ ಹಾಸ್ಯಕ್ಕೆ ಮೊದಲು ನಗುತ್ತಿದ್ದವನು ಅವನೇ, ಅವತ್ತೂ ನಕ್ಕ. ಆದರೆ ಕಚೇರಿಯ ನಿರ್ದೇಶಕರು ನಗುವವರ ಪೈಕಿ ಅಲ್ಲ. ಗುಡ್ಡ ಮಗುಚಿರುವುದಕ್ಕೆ ಮುಂದಿನ ತಿಂಗಳ ಮೊದಲ ಶುಕ್ರವಾರದ ಸಭೆಯ ಹೊತ್ತಿಗೆ ಸಾಕ್ಷಿ ತರಬೇಕು, ಇಲ್ಲವಾದರೆ ನಕ್ಷೆ ಹಿಂತೆಗೆದುಕೊಂಡು ಉಗ್ರಾಣಕ್ಕೆ ಹೋಗಬೇಕು, ಸುತ್ತಿಗೆ, ಚೀಲ, ಹಗ್ಗ ಕಾಯುವುದಕ್ಕೆ ಎಂದರು. ಬೆಟ್ಟ ಅಲೆಯುವುದನ್ನು ಬಿಟ್ಟರೆ ಬೇರೇನೂ ಬಾರದ ಮನುಷ್ಯ ಅವನು. ಅದೇ ಶುಕ್ರವಾರ ಅಕ್ಕನ ಎಲೆಗಳ ಪ್ರದರ್ಶನವೂ ಶುರುವಾಗುವುದಿತ್ತು.

ಪ್ರದರ್ಶನಕ್ಕೆಂದು ಗುಡ್ಡದಿಂದ ದೊಡ್ಡ ಚಪ್ಪಡಿಯೊಂದನ್ನು ತಂದಿದ್ದರು. ಯಾವ ಕಲ್ಲನ್ನೇ ಆಗಲಿ ಜಾಗದಿಂದ ಎಬ್ಬಿಸುವ ಮುಂಚೆ ಅದರ ಮೇಲೆ ಬಿಳಿ ಬಣ್ಣದಲ್ಲಿ ಬಾಣ ಬರೆಯುವುದು ಅವರ ಪದ್ಧತಿ. ಬಾಣದ ತುದಿ ಆಕಾಶದ ಕಡೆಗೆ. ಚಪ್ಪಡಿಗೂ ಬರೆದಿದ್ದರು. ಆದರೆ ಬಡಗಿ ಗಾಜಿನ ಪೆಟ್ಟಿಗೆಯನ್ನು ಒಂದು ಗೇಣು ಗಿಡ್ಡ ಮಾಡಿಟ್ಟಿದ್ದ. ಪೆಟ್ಟಿಗೆ ದೊಡ್ಡದು ಮಾಡುವುದಕ್ಕಿಂತ ಕಲ್ಲು ಚಿಕ್ಕದು ಮಾಡುವುದು ಸಲೀಸು. ಚಪ್ಪಡಿಯ ಮೇಲ್ತುದಿಯಲ್ಲಿ ಎಲೆಗಳಿರಲಿಲ್ಲ. ಎಲೆಯಮ್ಮ ಅಲ್ಲಿಗೆ ಗೆರೆ ಎಳೆದು ಗರಗಸಕ್ಕೆ ಕೊಡಿಸಿದಳು.

"ಕತ್ತರಿಸೋಕೆ ಮುಂಚೆ ಒಂದ್ಸಲ ನೋಡ್ಲಾ ಅಕ್ಕಾ?" ಎಂದು ತಮ್ಮ ಬಂದಿದ್ದ.

"ಅಲ್ಲೇನಿದೆ ನೋಡೋಕೆ? ಒಂದು ಎಲೆ ಇಲ್ಲ. ಬರೀ ಗೀರು."

ಬಾಣದ ತುದಿ ತುಂಡಿನ ಜೊತೆ ಹೋಯಿತು. ಚಪ್ಪಡಿಯಲ್ಲಿ ಉಳಿದ ಮೋಟು ಗೆರೆಗೆ ಅವಳೇ ಹೊಸ ತುದಿ ಬರೆದಳು. ತುಂಡನ್ನು ತಮ್ಮನ ಕೈಗಿಟ್ಟು, "ತಗೋ, ನಿನ್ನ ಮನೆ ಬಾಗಿಲಿಗೆ ಒತ್ತು ಕೊಡು, ಗಾಳಿಗೆ ಬಡ್ಕೊಳ್ಳುತ್ತಲ್ಲ" ಎಂದಳು. ಅವನು ಅದನ್ನೂ ನಗುತ್ತಲೇ ಕಂಕುಳಲ್ಲಿ ಇರುಕಿಕೊಂಡು ಹೋದ.

ಸಭೆಗೆ ಮೂರು ದಿನವಿದೆ ಎನ್ನುವಾಗ ಅವಳು ತಮ್ಮನ ಮನೆಗೆ ಹೋದಳು. ಅವನಿನ್ನೂ ಬಂದಿರಲಿಲ್ಲ. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಚಿಂದಿಯನ್ನೆಲ್ಲ ಗುಡಿಸಿ ಆಗಷ್ಟೇ ನೆಲ ಒರೆಸಿದ್ದಳು. ಬಾಗಿಲ ಬುಡದ ಕಲ್ಲೂ ಒದ್ದೆಯಾಗಿತ್ತು. ಒಣಗಿದಾಗ ಬೂದಿಯಂತೆ ಕಾಣುವ ಕಲ್ಲು ನೀರು ಬಿದ್ದರೆ ಮೈಮೇಲಿನ ಗೆರೆಗಳನ್ನೆಲ್ಲ ತೋರಿಸಿಬಿಡುತ್ತದೆ. ಚಪ್ಪಲಿ ಕಳಚಲು ಬಗ್ಗಿದ ಎಲೆಯಮ್ಮ ಹಾಗೇ ಕೂತುಬಿಟ್ಟಳು.

ಗೀರುಗಳಲ್ಲ, ಬೇರುಗಳು. ಗರಗಸ ಹೋದ ಅಂಚಿನ ಹತ್ತಿರ ದಪ್ಪಗೆ ಹೊರಟು, ಕವಲೊಡೆದು, ಕೊನೆಗೆ ಕೂದಲೆಳೆಯಷ್ಟು ಸಣ್ಣಗಾಗಿದ್ದವು. ಸಣ್ಣಗಾಗುತ್ತ ಹೋಗಿದ್ದು ಬಾಣದ ತುದಿಯ ಕಡೆಗೆ, ಅಂದರೆ ಆಕಾಶದ ಕಡೆಗೆ. ಆಕಾಶಕ್ಕೆ ಬೇರು ಬಿಡುವ ಗಿಡ ಎಲ್ಲಿಯೂ ಇಲ್ಲ. ಗಿಡ ಸರಿಯಾಗಿಯೇ ನಿಂತಿತ್ತು. ಆಮೇಲೆ ಮಗುಚಿಕೊಂಡಿದ್ದು ಗುಡ್ಡ.

ತಮ್ಮ ಹೇಳಿದ್ದು ನಿಜ. ಜೀವಮಾನದ ಸರಣಿ ಹಿಂದುಮುಂದು.

"ಒಳಗೆ ಬನ್ನಿ ಅಕ್ಕ, ಟೀ ಇಡ್ತೀನಿ" ಎಂದು ತಮ್ಮನ ಹೆಂಡತಿ ಅಡುಗೆಮನೆಗೆ ಹೋದಳು. ಅಷ್ಟರಲ್ಲಿ ಕಲ್ಲು ಎಲೆಯಮ್ಮನ ಚೀಲ ಸೇರಿತ್ತು. ಅದರ ಜಾಗಕ್ಕೆ ಅಂಗಳದ ಇಟ್ಟಿಗೆಯೊಂದು ಬಂದಿತ್ತು. ಭೂತಗನ್ನಡಿಯಲ್ಲಿ ಸರಿಯಾಗಿ ನೋಡಿ ಹೇಳಿದರಾಯಿತು, ಸುಮ್ಮನೆ ಅವನಿಗೆ ಆಸೆ ಹುಟ್ಟಿಸುವುದು ಬೇಡ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಟೀ ಕುಡಿದಳು, ಚೆನ್ನಾಗಿದೆ ಎಂದೂ ಹೇಳಿದಳು.

ಮರುದಿನ ಭೂತಗನ್ನಡಿಯಲ್ಲೂ ಅವು ಬೇರುಗಳೇ ಆಗಿದ್ದವು. ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಕೆಳಗಿನ ಖಾನೆಗೆ ತಳ್ಳಿದಳು. ಪ್ರದರ್ಶನ ಮುಗಿಯಲಿ, ಆಮೇಲೆ ನಿಧಾನವಾಗಿ ಹೇಳೋಣ ಎಂದುಕೊಂಡಳು.

ಗುರುವಾರ ತಮ್ಮ ಏದುಸಿರು ಬಿಡುತ್ತ ಅವಳ ಕೋಣೆಗೆ ಬಂದ. ಎಷ್ಟೋ ವಾರಗಳ ಮೇಲೆ ಅವನ ಮುಖದಲ್ಲಿ ಕಳೆಯಿತ್ತು.

"ಅಕ್ಕಾ, ಆ ಬಾಗಿಲ ಕಲ್ಲು! ನೆಲ ಒರೆಸ್ದಾಗ ಎಂದೋ ಕಣ್ಣಿಗೆ ಬಿದ್ದಿತ್ತು, ಗೀರು ಕವಲಾದ ಹಾಗಿತ್ತು. ಇವತ್ತು ಬೆಳಿಗ್ಗೆ ಫಕ್ಕನೆ ಹೊಳೀತು, ಬೇರುಗಳಾಗಿದ್ರೆ? ನೋಡೋಣ ಅಂದ್ರೆ ಕಲ್ಲೇ ಇಲ್ಲ, ಇಟ್ಟಿಗೆ ಇದೆ. ನೀನು ಮೊನ್ನೆ ಬಂದಿದ್ಯಲ್ಲ, ನೋಡಿದ್ಯಾ?"

ಅವಳ ಮೊಣಕಾಲು ಖಾನೆಗೆ ತಾಗಿಕೊಂಡೇ ಇತ್ತು.

"ಇಲ್ವಲ್ಲ" ಎಂದಳು.

ಎಷ್ಟು ಸಲೀಸಾಗಿ ಬಂತು ಮಾತು! ನಾಲಿಗೆ ತಡವರಿಸಲೂ ಇಲ್ಲ.

"ಹಾಗಾದ್ರೆ ಇವಳೇ ಎಲ್ಲೋ ಬಿಸಾಕಿದ್ದಾಳೆ" ಎಂದು ಹಲ್ಲು ಕಡಿದು ಅವನು ಹೊರಟುಹೋದ. ಹೆಂಡತಿಯ ವಿಷಯದಲ್ಲಿ ಅವನ ದನಿ ಹಾಗೆ ಒರಟಾಗಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಕರೆಯಬೇಕು ಅನ್ನಿಸಿತು. ಕರೆಯಲಿಲ್ಲ. ಪ್ರದರ್ಶನದ ಕೋಣೆಗೆ ಹೋಗಿ ಗಾಜು ಒರೆಸುತ್ತ ನಿಂತಳು. ತಾನೇ ಬರೆದ ಬಾಣದ ತುದಿ ಗಾಜಿನಾಚೆ ಈಗಲೂ ಆಕಾಶವನ್ನೇ ತೋರಿಸುತ್ತಿತ್ತು. ಹೆಚ್ಚು ಹೊತ್ತು ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಸಂಜೆ ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು: ಮರೆತಿದ್ದೆ, ಅವಸರದಲ್ಲಿ ಚೀಲದಲ್ಲೇ ಉಳಿದುಬಿಟ್ಟಿತ್ತು ಎಂದರೆ ಯಾರು ಬೇಡ ಎನ್ನುತ್ತಾರೆ.

ತಮ್ಮನ ಹೆಂಡತಿ ಬೀದಿಯ ಕೊನೆಯ ಕಸದ ಗುಂಡಿಯ ಕಡೆಯಿಂದ ಬರುತ್ತಿದ್ದಳು. ಸೀರೆಯ ಅಂಚೆಲ್ಲ ಕೊಳೆ. ಬಲಗೈಗೆ ಸುತ್ತಿದ ಬಟ್ಟೆಯಲ್ಲಿ ರಕ್ತ ಇಂಗಿತ್ತು.

"ಏನಾಯ್ತೇ ಇದು?"

"ಗಾಜು ತಾಗಿತು ಅಕ್ಕ, ಕಸದಲ್ಲಿ. ಕಲ್ಲು ಅಲ್ಲಿ ಹಾಕಿದ್ನೇನೋ ಅಂತ ಮಧ್ಯಾಹ್ನದಿಂದ ಕೆದಕ್ತಾ ಇದ್ದೆ." ಒಳಗೆ ಬಂದು ಕೂತಳು. ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ಅಂಗಿ ಹಾಗೇ ಸಿಕ್ಕಿಕೊಂಡಿತ್ತು. "ಇಟ್ಟಿಗೆ ತಂದಿಟ್ಟಿದ್ದೂ ನೆನಪಿಲ್ಲ, ಕಲ್ಲು ಎಸೆದಿದ್ದೂ ನೆನಪಿಲ್ಲ. ನಮ್ಮಮ್ಮಂಗೂ ಹಿಂಗೇ ಮರೆವು ಶುರುವಾಗಿತ್ತು ಅಕ್ಕ. ನಂಗೂ ಬಂತೇನೋ ಅಂತ ಭಯ ಆಗ್ತಿದೆ."

ಎಲೆಯಮ್ಮ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅವ್ರು ಬೈದ್ರು. ಬೈಯ್ಲಿ ಬಿಡಿ, ಅವ್ರ ಸಂಕಟ ಅವ್ರಿಗೆ. ನೀವು ಹೇಳಿದ್ರೆ ಕೇಳ್ತಾರೆ ಅಕ್ಕ. ಬೇಕಂತ ಮಾಡಿಲ್ಲ ಅಂತ ನೀವೊಂದು ಮಾತು ಹೇಳಿ."

ಜೋಡಿಸಿಕೊಂಡು ಬಂದ ಮಾತೆಲ್ಲ ನೀರುಪಾಲಾಯಿತು. ಒಳಕೋಣೆಯಲ್ಲಿ ಮಂಚದ ಕೆಳಗೆ ಹುಡುಕುತ್ತಿದ್ದ ತಮ್ಮ ಅಕ್ಕನ ದನಿ ಕೇಳಿ ಹೊರಗೆ ಬಂದ. ಅವಳು ಚೀಲದಿಂದ ಕಲ್ಲನ್ನು ತೆಗೆದು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟಳು.

"ಇವಳು ಎಸೆದಿಲ್ಲ. ನಾನು ಕದ್ದೆ. ಇಟ್ಟಿಗೆ ಇಟ್ಟವಳೂ ನಾನೇ. ಬೆಳಿಗ್ಗೆ ನೀನು ಕೇಳಿದಾಗ ಇದು ನನ್ನ ಕಾಲ ಹತ್ರಾನೇ ಇತ್ತು ಕಣೋ. ಬೇರುಗಳೇ ಇವು. ನೀನು ಹೇಳಿದ್ದೇ ಸರಿ."

ತಮ್ಮ ಲೋಟದ ನೀರನ್ನು ಕಲ್ಲಿನ ಮೇಲೆ ಸುರಿದ. ಬೇರುಗಳು ಒಂದೊಂದಾಗಿ ಕಂಡುಬಂದವು. ಗೆದ್ದವನು ಕುಣಿದಾಡಬೇಕಿತ್ತು, ಅಕ್ಕನನ್ನು ಬೈಯಲಾದರೂ ಬೇಕಿತ್ತು. ಬೈಯಲಿ ಎಂದೇ ಅವಳು ಕಾದಿದ್ದಳು. ಅವನು ಕಲ್ಲನ್ನು ಬಿಟ್ಟು ಹೆಂಡತಿಯ ಕೈ ನೋಡಿದ.

"ನಿಮ್ಮಮ್ಮನ ಥರಾನೇ ಆಗ್ತಿದ್ದೀಯ ಅಂದೆ ನಾನು ಇವಳಿಗೆ" ಎಂದ. "ಬೆಳಿಗ್ಗೆ. ಅದೇ ಮಾತು."

ಅವನು ಕುಸಿದು ಕೂತ. ಎಲೆಯಮ್ಮ ಮುಖ ಮುಚ್ಚಿಕೊಂಡು ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ.

"ನಾಳೆ ಸಭೇಲಿ ನಾನೇ ಹೇಳ್ತೀನಿ" ಎಂದಳು ಕೊನೆಗೆ. "ಗಾಜು ತೆಗೆಸಿ ಎರಡೂ ತುಂಡು ಜೋಡಿಸಿ ತೋರಿಸ್ತೀನಿ. ಮುಚ್ಚಿಟ್ಟಿದ್ದನ್ನೂ ಹೇಳ್ತೀನಿ."

"ಹೇಳು" ಎಂದ ತಮ್ಮ, ತಲೆ ಎತ್ತದೆ. "ಅಲ್ಲಿ ಎಲ್ಲರಿಗೂ ಹೇಳು. ಇವಳಿಗೆ ನಾನೇನು ಹೇಳ್ಲಿ?"

ಎಲೆಯಮ್ಮ ಚೀಲ ಹೆಗಲಿಗೇರಿಸಿಕೊಂಡಳು. ಕಲ್ಲನ್ನು ಅಲ್ಲೇ ಬಿಟ್ಟು ಎದ್ದಳು. ಇಟ್ಟಿಗೆಯನ್ನು ತಮ್ಮ ಬೆಳಿಗ್ಗೆ ಸಿಟ್ಟಿನಲ್ಲಿ ಅಂಗಳಕ್ಕೆ ಒಗೆದಿದ್ದ. ಬಾಗಿಲು ಗಾಳಿಗೆ ಮತ್ತೆ ಮತ್ತೆ ಬಂದು ಮುಚ್ಚಿಕೊಳ್ಳುತ್ತಿತ್ತು. ಎಲೆಯಮ್ಮ ಹೊಸ್ತಿಲಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ತಮ್ಮನ ಹೆಂಡತಿ ಎದ್ದು ಬಂದು, ಬಾಗಿಲು ಅವಳ ತಲೆಗೆ ಬಡಿಯದ ಹಾಗೆ, ಬಟ್ಟೆ ಸುತ್ತಿದ ಕೈಯಲ್ಲೇ ಒತ್ತಿ ಹಿಡಿದು ನಿಂತಳು.