ಮೂರನೆಯ ಚೀಟಿ

ಈ ಕಥೆಯನ್ನು ನಾನು ಹೇಳಬಹುದೇ ಎಂದು ಬಹಳ ದಿನ ಹಿಂಜರಿದೆ. ನನಗೆ ಸಂಗೀತ ತಿಳಿಯದು; ಗಿಟಾರಿಗೆ ಎಷ್ಟು ತಂತಿ ಎಂದು ಯಾರಾದರೂ ಕೇಳಿದರೆ ಎಣಿಸಿ ನೋಡಿಯೇ ಹೇಳಬೇಕು. ಆ ಕಾರ್ಖಾನೆಯಲ್ಲಿ ನಾನಿದ್ದದ್ದು ಪ್ಯಾಕಿಂಗ್ ಕಡೆ, ಗಾಜಿನ ಕೋಣೆಯ ಹೊರಗೆ. ಒಳಗೆ ನಡೆದದ್ದರಲ್ಲಿ ಕೆಲವನ್ನು ಯಾದ್ವಿಗಾ ಮಜೂರ್ ತಾನೇ ಹೇಳಿದಳು, ಕೆಲವನ್ನು ಮೇಸ್ತ್ರಿ ಓಡಮ್ ಹೇಳಿದ. ನಡುವಿನ ಸಂದುಗಳನ್ನು ನಾನು ತುಂಬಿದ್ದೇನೆ. ತಪ್ಪು ಕಂಡರೆ ಅದು ನನ್ನದು, ಅವರದಲ್ಲ. ದೊಡ್ಡ ಮನಸ್ಸು ಮಾಡಿ ಓದಬೇಕು.

ಡೆಟ್ರಾಯಿಟ್‌ಗೆ ಅಂಟಿಕೊಂಡ ಹ್ಯಾಮ್‌ಟ್ರ್ಯಾಮಿಕ್‌ನಲ್ಲಿ, ರೈಲು ಹಳಿಯ ಪಕ್ಕ ಆ ರೆಕಾರ್ಡು ಕಾರ್ಖಾನೆ ಇತ್ತು. ಇಪ್ಪತ್ತೆರಡು ಪ್ರೆಸ್ಸುಗಳು ಹಗಲೆಲ್ಲ ಉಸ್ಸೆಂದು ಆವಿ ಬಿಡುತ್ತ ಕರಿ ಪ್ಲಾಸ್ಟಿಕ್ಕನ್ನು ಅದುಮುತ್ತಿದ್ದವು. ಆ ಗದ್ದಲದ ನಡುವೆ ಒಂದು ಗಾಜಿನ ಕೋಣೆ. ಅದರೊಳಗೆ, ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಹತ್ತೊಂಬತ್ತು ವರ್ಷದಿಂದ ಯಾದ್ವಿಗಾ ಕುಳಿತಿದ್ದಳು. 1970ರ ಮಾರ್ಚ್‌ನಲ್ಲಿ ಅವಳಿಗೆ ಐವತ್ನಾಲ್ಕು.

ಅವಳ ಕೆಲಸ ಕೇಳುವುದು. ಹೊಸ ಅಚ್ಚಿನಿಂದ ಬಿದ್ದ ಮೊದಲ ರೆಕಾರ್ಡು ಅವಳ ಮೇಜಿಗೆ ಬರುತ್ತಿತ್ತು. ಹಾಡಿದವರ ಹೆಸರಿಲ್ಲದ ಬಿಳಿ ಲೇಬಲ್ಲು, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ನಂಬರು, ಅಷ್ಟೇ. ಎರಡು ಬದಿಯನ್ನೂ ಪೂರ್ತಿ ಕೇಳಿ, ಸರಿಯಿದ್ದರೆ ಹಸಿರು ಚೀಟಿಗೆ ಸಹಿ, ಇಲ್ಲದಿದ್ದರೆ ಕೆಂಪು ಚೀಟಿಗೆ. ಕೆಂಪು ಬಂದರೆ ಆ ಅಚ್ಚನ್ನು ಎಸೆದು ಇನ್ನೊಂದು ಮಾಡಬೇಕು. ಮೂರು ಕೆಂಪು ಬಿದ್ದರೆ ಕೆಲಸವನ್ನೇ ರದ್ದು ಮಾಡಿ, ಹಾಡು ಧ್ವನಿಮುದ್ರಿಸಿ ಕಳಿಸಿದ ಕಂಪನಿಗೆ ವಾಪಸು ಕಳಿಸುವುದು ಅಲ್ಲಿನ ಕಟ್ಟಳೆ.

ಕೆಂಪು ಚೀಟಿ ಹೋದಲ್ಲೆಲ್ಲ ಯಾರಾದರೊಬ್ಬರಿಗೆ ಬೈಗುಳ ಕಾದಿರುತ್ತಿತ್ತು. ಹಾಗಾಗಿ ಊಟದ ಹೊತ್ತಿನಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಪೋಲಿಷ್ ಹುಡುಗಿಯರು ಎದುರು ಸಿಕ್ಕರೆ ತಮ್ಮ ಭಾಷೆಯಲ್ಲಿ ಮರ್ಯಾದೆಯಿಂದ "ಪಾನಿ ಯಾದ್ವಿಗಾ" ಎನ್ನುತ್ತಿದ್ದರು; ಬೆನ್ನು ತಿರುಗಿಸಿದರೆ ತಾವಿಟ್ಟ ಅಡ್ಡಹೆಸರು ಹಿಡಿದು "ಕಿವಿ ಹೋಯ್ತು ನೋಡ್ರೇ" ಎಂದು ಕಿಸಕ್ಕನೆ ನಗುತ್ತಿದ್ದರು. ಆ ನಗುವೂ ಅವಳಿಗೆ ಕೇಳಿಸುತ್ತಿತ್ತು.

ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಗಂಡ ಸ್ತಾಖ್ ಕಾರು ಕಾರ್ಖಾನೆಯಲ್ಲಿ ತಗಡು ಒತ್ತುವ ಶಾಪಿನಲ್ಲಿದ್ದವನು, ಕಿವಿ ಮಂದವಾಗಿ ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದ. "ಉಪ್ಪು ಕೊಡು" ಎಂದರೆ ಬೀದಿಗೆಲ್ಲ ಕೇಳಿಸಬೇಕು. ಅವನು ಸತ್ತು ಆರು ವರ್ಷ. ಅಷ್ಟು ಸದ್ದಿನ ಮನುಷ್ಯ ಹೋದ ಮೇಲೆ ಉಳಿದ ಮೌನವೂ ಅಷ್ಟೇ ದೊಡ್ಡದಾಗಿತ್ತು. ರೇಡಿಯೋ ಹಾಕಿದರೆ ತಪ್ಪು ಹುಡುಕುವ ಚಾಳಿ ಬಿಡುತ್ತಿರಲಿಲ್ಲ, ಅದಕ್ಕೇ ಹಾಕುತ್ತಿರಲಿಲ್ಲ.

ಆ ಸೋಮವಾರ ಅವಳ ಮೇಜಿಗೆ 4417 ಬಂತು.

ಮುಳ್ಳು ಇಟ್ಟ ಕೂಡಲೇ ಅವಳು ಹೆಡ್‌ಫೋನು ಕಿತ್ತಳು. ಯಂತ್ರ ಕೆಟ್ಟಿದೆ ಎಂದುಕೊಂಡಳು. ಮುಳ್ಳು ಬದಲಿಸಿ, ತಂತಿ ಬಿಚ್ಚಿ ಸಿಕ್ಕಿಸಿ, ಮತ್ತೆ ಇಟ್ಟಳು. ಅದೇ. ಗಿಟಾರು ಎನ್ನುವುದು ತಗಡನ್ನು ಸೀಳಿದ ಹಾಗಿತ್ತು. ಡೋಲು ಬಾಗಿಲು ಒದೆಯುತ್ತಿತ್ತು. ಅದರ ಕೆಳಗೆಲ್ಲೋ ಒಬ್ಬ ಹುಡುಗ, ಗಂಟಲು ಹರಿಯುವ ಹಾಗೆ, ಒಂದೇ ಮಾತನ್ನು ಎಂಟು ಸಲ, ಒಂಬತ್ತು ಸಲ ಕೂಗುತ್ತಿದ್ದ. ಎಲ್ಲವೂ ಒಂದರ ಮೇಲೊಂದು ಬಿದ್ದು, ಎಲ್ಲವೂ ಒಡೆದಿತ್ತು. ಎರಡು ಬದಿಯನ್ನೂ ಹೇಗೋ ಕೇಳಿ ಮುಗಿಸಿದಳು. ಕೆಂಪು ಚೀಟಿ ಎಳೆದುಕೊಂಡು "ಧ್ವನಿ ಒಡೆದಿದೆ, ಪೂರ್ತಿ" ಎಂದು ಬರೆದಳು.

ಎರಡನೆಯ ಅಚ್ಚು ಬುಧವಾರ ಬಂತು. ಅದೂ ಹಾಗೆಯೇ. ಎರಡನೆಯ ಕೆಂಪು.

ಗುರುವಾರ ಬೆಳಿಗ್ಗೆ ಮೇಸ್ತ್ರಿ ಕ್ಲಾರೆನ್ಸ್ ಓಡಮ್ ಗಾಜಿನ ಬಾಗಿಲು ತಟ್ಟಿದ. ಅಲಬಾಮಾದಿಂದ ಬಂದ ಎತ್ತರದ ಆಳು; ಕೆಟ್ಟ ಸುದ್ದಿ ತಂದಾಗ ಟೋಪಿ ಕೈಯಲ್ಲಿ ಹಿಡಿಯುತ್ತಿದ್ದ. ಟೋಪಿ ಕೈಯಲ್ಲಿತ್ತು.

"ನೋಡು ತಾಯಿ, ನಾನು ಹೇಳ್ತಿರೋದಲ್ಲ ಇದು. ಮಾಲೀಕರು ಹೇಳಿದ್ದು."

"ಹೇಳು."

"ಅಚ್ಚು ಮಾಡೋ ಹುಡುಗ್ರು ಎರಡನ್ನೂ ಅಳೆದು ನೋಡಿದಾರೆ. ಅಚ್ಚು ಚೆನ್ನಾಗಿದೆ ಅಂತಾರೆ."

"ಹಂಗಾದ್ರೆ ಕಂಪನಿ ಕಳ್ಸಿದ ಟೇಪೇ ಕೆಟ್ಟಿದೆ."

"ಟೇಪು ಸರಿ ಇದೆ ಅಂತ ಕಂಪನಿ ಫೋನ್ ಮಾಡಿ ಕೂಗಾಡ್ತಿದೆ." ಓಡಮ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಮೂರನೇದೂ ಕೆಂಪಾದ್ರೆ ನಿನ್ನನ್ನ ಕಿವಿ ಡಾಕ್ಟ್ರ ಹತ್ರ ಕಳಿಸ್ತಾರಂತೆ. ಕಿವಿ ಮಂದ ಅಂತ ಬಂದ್ರೆ ಪ್ಯಾಕಿಂಗಿಗೆ."

ಪ್ಯಾಕಿಂಗ್ ಎಂದರೆ ಹದಿನೇಳು ಜನ ಹುಡುಗಿಯರ ನಡುವೆ ನಿಂತು ರಟ್ಟು ಮಡಿಸುವುದು. ಕೆಲಸಕ್ಕೆ ಅವಳು ಹೆದರುವವಳಲ್ಲ. ಆದರೆ ಅವಳ ಬಳಿ ಇದ್ದದ್ದು ಅದೊಂದೇ, ಆ ಕಿವಿ. ಅದನ್ನೂ ಕಳೆದುಕೊಂಡು, ಅದನ್ನು ಆಡಿಕೊಂಡು ನಕ್ಕವರ ನಡುವೆ ಹೋಗಿ ನಿಲ್ಲುವುದು ಹೇಗೆ?

ಆ ಸಂಜೆ ಮನೆಯಲ್ಲಿ ಅಲಾರಂ ಗಡಿಯಾರವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟಳು. ಟಿಕ್ ಎನ್ನುವುದು ಎಲ್ಲಿ ನಿಲ್ಲುತ್ತದೆ ನೋಡೋಣ ಎಂದು. ಹಿಂದೊಮ್ಮೆ ಹಜಾರದ ಬಾಗಿಲಿನವರೆಗೂ ಕೇಳಿಸುತ್ತಿತ್ತು. ಈಗಲೂ ಬಾಗಿಲಲ್ಲಿ ಕೇಳಿಸಿತು. ಆದರೆ ಕೇಳಿಸಿದ್ದು ಗಡಿಯಾರವೋ, ಕೇಳಿಸಬೇಕೆಂಬ ಆಸೆಯೋ, ಅವಳಿಗೆ ತೀರ್ಮಾನಿಸಲಾಗಲಿಲ್ಲ. ಗಡಿಯಾರವನ್ನು ದಿಂಬಿನ ಕೆಳಗೆ ತುರುಕಿ ಮತ್ತೆ ಬಂದು ನಿಂತಳು. ಆಗಲೂ ಕೇಳಿಸಿದ ಹಾಗಾಯಿತು. ಒಲೆ ಹಚ್ಚಲು ಮನಸ್ಸಾಗದೆ ರೈ ರೊಟ್ಟಿ ಕಚ್ಚಿ ಮಲಗಿದಳು.

ಶುಕ್ರವಾರ ಮಧ್ಯಾಹ್ನ ಮೂರನೆಯ ಅಚ್ಚಿನ ರೆಕಾರ್ಡು ಬಂತು. ಅದರ ಹಿಂದೆಯೇ ಓಡಮ್, ಅವನ ಹಿಂದೆ ಒಬ್ಬ ಹುಡುಗ. ಭುಜಕ್ಕೆ ಬಿದ್ದ ಕೂದಲು, ಉಗುರಿನ ಸಂದಿಯಲ್ಲಿ ಕಾರಿನ ಎಣ್ಣೆ ಮಸಿ, ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು.

"ಇವನು ವೆಂಡಲ್ ಪ್ರೂಯಿಟ್," ಎಂದ ಓಡಮ್. "ಇದ್ರಲ್ಲಿ ಗಿಟಾರ್ ಬಾರಿಸಿರೋನು. ಇಪ್ಸಿಲಾಂಟಿಯಿಂದ ಅಪ್ಪನ ಲಾರಿ ತಗೊಂಡು ಬಂದು ಗೇಟಲ್ಲಿ ಕೂತು ಪ್ರಾಣ ತಿಂದ. ನೀವಿಬ್ರೇ ಬಗೆಹರಿಸ್ಕೊಳ್ಳಿ, ನನ್ನ ಬಿಟ್ಬಿಡಿ." ಬಾಗಿಲು ಹಾಕಿಕೊಂಡು ಹೋದ.

"ನಮ್ಮ ರೆಕಾರ್ಡ್ ತಡೀತಿರೋರು ನೀವೇನಾ?" ವೆಂಡಲ್ ಕೂಗಿದ.

"ಕೂಗಬೇಡ. ನಾನಿಲ್ಲೇ ಇದ್ದೀನಿ."

"ಕೂಗ್ತಿಲ್ಲ! ನಾನು ಮಾತಾಡೋದೇ ಹಿಂಗೆ!"

ಯಾದ್ವಿಗಾ ಅವನ ಮುಖವನ್ನು ಒಂದು ಕ್ಷಣ ನೋಡಿದಳು. ಆರು ವರ್ಷದಿಂದ ಅವಳ ಹತ್ತಿರ ನಿಂತು ಯಾರೂ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ.

"ನಾನು ತಡೀಲಿಲ್ಲ," ಎಂದಳು. "ಸರಿ ಇಲ್ಲ ಅಂತ ಬರೆದೆ."

"ಅದು ಸರಿ ಇರಬಾರ್ದು ಕಣಮ್ಮಾ! ಅದಕ್ಕೆ ತಾನೆ ನಾಲ್ಕು ದಿನ ಒದ್ದಾಡಿದ್ದು! ಸ್ಟುಡಿಯೋದವ್ನು ಪ್ರತಿ ಸಲ ಸದ್ದು ಕಮ್ಮಿ ಮಾಡೋನು, ನಾವು ಪ್ರತಿ ಸಲ ಜಾಸ್ತಿ ಮಾಡೋದು. ಸದ್ದು ಅಳೆಯೋ ಮೀಟರಿನ ಮುಳ್ಳು ಕೊನೇಗೆ ಹೋಗಿ ಒರಗಿಕೊಳ್ತು ನೋಡಿ, ಅಲ್ಲೇ ಬಿಟ್ವಿ. ಪಾಪ, ಅವ್ನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ್ಬಿಟ್ಟ."

"ಯಾಕೆ?"

"ಯಾಕೆ ಅಂದ್ರೆ... ಅವನಿಗೆ ಬೇಜಾರು."

"ಅದಲ್ಲ. ನೀವು ಯಾಕೆ ಹಂಗೆ ಮಾಡಿದ್ರಿ?"

ಹುಡುಗ ಎದೆಯ ಮೇಲೆ ಮುಷ್ಟಿ ಇಟ್ಟ. "ನಾವು ಬಾರಿಸುವಾಗ ಎದೆಗೆ ಬಂದು ಗುದ್ದುತ್ತೆ. ಟೇಪಲ್ಲಿ ಕೇಳಿದ್ರೆ ಯಾರೋ ಪಕ್ಕದ ಬೀದೀಲಿ ಬಾರಿಸ್ದಂಗೆ. ನಂಗೆ ಗುದ್ದು ಬೇಕಿತ್ತು."

ಯಾದ್ವಿಗಾ ಮೂಲೆಯಿಂದ ಖಾಲಿ ಪೆಟ್ಟಿಗೆಯೊಂದನ್ನು ಕಾಲಿನಿಂದ ಎಳೆದು ತಂದಳು. "ಕೂತ್ಕೋ. ಮಧ್ಯೆ ಮಾತಾಡ್ಬೇಡ." ಎರಡನೆಯ ಹೆಡ್‌ಫೋನನ್ನು ಡ್ರಾಯರಿನ ತಳದಿಂದ ತೆಗೆದು ಒರೆಸಿ ಕೊಟ್ಟಳು.

ಮುಳ್ಳು ಇಳಿಯಿತು.

ಹತ್ತೊಂಬತ್ತು ವರ್ಷ ಅವಳು ಆ ಕುರ್ಚಿಯಲ್ಲಿ ಹಾಡು ಕೇಳಿರಲಿಲ್ಲ, ತಪ್ಪು ಕೇಳಿದ್ದಳು. ಈಗ ಎಲ್ಲವೂ ತಪ್ಪೇ ಆಗಿದ್ದಾಗ, ಅದು ಬೇಕೆಂದೇ ಮಾಡಿದ ತಪ್ಪು ಎಂದು ಗೊತ್ತಾದಾಗ, ಕಿವಿಗೆ ಹುಡುಕಲು ಏನೂ ಉಳಿಯಲಿಲ್ಲ. ಆಗ ಆ ಗುದ್ದು ಬಂತು, ನೇರ ಎದೆಗೆ. ಮದುವೆಯಾದ ಹೊಸತರಲ್ಲಿ ಬುತ್ತಿ ಹಿಡಿದು ಕಾರ್ಖಾನೆಯ ಗೇಟಿನಲ್ಲಿ ನಿಂತಾಗ ಕಾಲ ಕೆಳಗೆ ನೆಲ ಹೀಗೆಯೇ ಅದುರುತ್ತಿತ್ತು. ಆ ಅದುರಿನೊಳಗಿಂದಲೇ ಸ್ತಾಖ್ ನಡೆದು ಬರುತ್ತಿದ್ದ. ಹುಡುಗನೊಬ್ಬ ಅರಚುತ್ತಿದ್ದ, ಯಾರಿಗೂ ಅಲ್ಲ, ಸುಮ್ಮನೆ, ತಾನಿದ್ದೇನೆ ಎಂದು. ಅವಳ ಹಿಮ್ಮಡಿ ಮೇಜಿನ ಕಾಲಿಗೆ ಬಡಿಯುತ್ತಿದ್ದದ್ದು ಅವಳಿಗೇ ತಡವಾಗಿ ತಿಳಿಯಿತು.

ಮೊದಲ ಬದಿ ಮುಗಿದಾಗ ಕೇಳಿದಳು: "ಮೂರನೇ ಹಾಡಲ್ಲಿ, ಅರ್ಧ ಆದ್ಮೇಲೆ, ಹಿಂದೆ ಏನೋ ಬಿತ್ತಲ್ಲ? ಕಬ್ಬಿಣದ್ದು. ಉರುಳ್ಕೊಂಡು ಹೋಯ್ತು."

ವೆಂಡಲ್ ಕಣ್ಣು ಅಗಲಿಸಿದ. "ತಾಳದ ಸ್ಟ್ಯಾಂಡು! ಡೋಲಿನವನು ಒದ್ದಿದ್ದು! ಅದು ನಿಮಗೆ ಕೇಳಿಸ್ತಾ? ನಮ್ಮಲ್ಲೇ ಒಬ್ರಿಗೂ ಕೇಳ್ಸಿಲ್ಲ, ಅವ್ನು ಹೇಳಿದ್ದಕ್ಕೆ ಗೊತ್ತು!"

ಅವಳು ಮೊದಲ ಸಲ ನಕ್ಕಳು. ಬುತ್ತಿ ಬಿಚ್ಚಿದಳು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ ಶುಕ್ರವಾರ, ಮಾಂಸವಿಲ್ಲ. ಆಲೂಗಡ್ಡೆ ತುಂಬಿದ, ಕಡುಬಿನಂಥ ಪಿಯೆರೋಗಿ ಆರು ಇದ್ದವು. ಮೂರನ್ನು ಅವನ ಕಡೆ ತಳ್ಳಿದಳು. ಅವನು ಕೇಳದೆ ನಾಲ್ಕನೆಯದಕ್ಕೂ ಕೈ ಹಾಕಿದ. ಹೊರಗೆ ಪ್ರೆಸ್ಸಿನ ಹುಡುಗಿಯರು ಕತ್ತು ಉದ್ದ ಮಾಡಿ ಗಾಜಿನೊಳಗೆ ನೋಡಿದರು. ಕಿವಿಯ ಪಕ್ಕ ಯಾರೋ ಕೂತು ಉಣ್ಣುತ್ತಿದ್ದಾರೆ!

ಎರಡನೆಯ ಬದಿ. ನಾಲ್ಕನೆಯ ಹಾಡು, ಕೊನೆಗೆ ಸ್ವಲ್ಪ ಮುಂಚೆ, ಎಲ್ಲ ನಿಂತು ಗಿಟಾರು ಒಂದೇ ಉಳಿಯುವ ಜಾಗ. ಅಲ್ಲಿ ಒಂದು ಟಿಕ್. ತಾಳದ ಸ್ಟ್ಯಾಂಡಿನಂಥದ್ದಲ್ಲ. ಸಣ್ಣದು, ಒಣಗಿದ್ದು, ಸುತ್ತಿಗೊಮ್ಮೆ. ಟಿಕ್. ಟಿಕ್. ಟಿಕ್. ಅಚ್ಚಿನ ಮೇಲೆ ಧೂಳಿನ ಕಣ ಸಿಕ್ಕಿದರೆ ಬರುವ ಸದ್ದು. ಮೊದಲೆರಡು ಅಚ್ಚಿನಲ್ಲಿ ಇದಿರಲಿಲ್ಲ ಎಂದು ಅವಳಿಗೆ ಚೆನ್ನಾಗಿ ನೆನಪಿತ್ತು.

ಮುಳ್ಳನ್ನು ಹಿಂದಕ್ಕಿಟ್ಟಳು. "ಈಗ ಕೇಳು. ಟಿಕ್ ಅಂತ ಬರುತ್ತೆ."

"ಏನು?"

"ಟಿಕ್."

ಮೂರು ಸಲ ಹಾಕಿದಳು. ಅವನು ಕಣ್ಣು ಮುಚ್ಚಿ, ಹೆಡ್‌ಫೋನು ಎರಡೂ ಕೈಯಲ್ಲಿ ಅದುಮಿ ಹಿಡಿದು ಕೇಳಿದ. "ಇಲ್ಲಮ್ಮ. ಏನೂ ಇಲ್ಲ. ಗಿಟಾರು ಮಾತ್ರ."

ಗಾಜು ತಟ್ಟಿ ಓಡಮ್‌ನನ್ನು ಕರೆದಳು. ಅವನೂ ಕೇಳಿದ, ತಲೆಯಾಡಿಸಿದ. "ಇಪ್ಪತ್ತೈದು ವರ್ಷ ಪ್ರೆಸ್ಸಿನ ಪಕ್ಕ ನಿಂತೋನು ನಾನು. ಹೆಂಡ್ತಿ ಬೈದಿದ್ದೇ ಕೇಳಿಸಲ್ಲ, ಇನ್ನು ನಿನ್ನ ಟಿಕ್ಕು! ಏನು ತಾಯಿ, ಇದೆಯೋ ಇಲ್ವೋ?"

ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಟಿಕ್ ಇದ್ದರೆ ಅದು ನಿಜವಾದ ದೋಷ, ಆ ಅಚ್ಚಿನಿಂದ ಬೀಳುವ ಪ್ರತಿ ರೆಕಾರ್ಡಿನಲ್ಲೂ ಇರುತ್ತದೆ; ಕೆಂಪು ಚೀಟಿ ಬರೆಯಬೇಕು, ಹುಡುಗರ ಕೆಲಸ ರದ್ದು. ಇಲ್ಲದಿದ್ದರೆ ಅದು ಅವಳ ಕಿವಿಯೊಳಗಿನದು. ಸ್ತಾಖ್‌ಗೂ ಶುರುವಾದದ್ದು ಹಾಗೆಯೇ, ಇಲ್ಲದ ಸದ್ದು ಕೇಳಿಸಿ.

"ಇದು ಮೂರನೇದು ಅಂತ ಗೇಟಲ್ಲಿ ಹೇಳಿದ್ರು," ಎಂದ ವೆಂಡಲ್. ಈಗ ಅವನ ದನಿ ನಿಜವಾಗಿಯೂ ಇಳಿದಿತ್ತು. "ವಾಪಸ್ ಹೋದ್ರೆ ಕಂಪನಿಯವ್ರು ಮತ್ತೆ ಮುಟ್ಟಲ್ಲ. ಅವರಿಗೆ ಇದು ಇಷ್ಟಾನೇ ಇಲ್ಲ. ಟಿಕ್ ಇದ್ರೆ ಇರ್ಲಿ ಬಿಡಿ. ಇಷ್ಟು ಗಲಾಟೇಲಿ ಅದೂ ಒಂದು."

"ನಿನ್ನ ಗಲಾಟೆ ನೀನು ಮಾಡಿದ್ದು," ಎಂದಳು ಯಾದ್ವಿಗಾ. "ಆ ಟಿಕ್ಕನ್ನ ಯಾರೂ ಬೇಕಂತ ಮಾಡಿಲ್ಲ."

ಪೆನ್ನು ಕೈಯಲ್ಲಿತ್ತು. ಎರಡು ಕಟ್ಟು ಚೀಟಿಗಳೂ ಎದುರಿಗಿದ್ದವು. ಅವಳು ಎಷ್ಟು ಹೊತ್ತು ಕುಳಿತಿದ್ದಳೆಂದರೆ, ತಟ್ಟೆ ತಿರುಗಿ ತಿರುಗಿ ಮುಳ್ಳು ಒಳಗಿನ ಖಾಲಿ ಸುತ್ತಿಗೆ ಬಂದು ತಾನೇ ಕರಕರ ಎನ್ನತೊಡಗಿತು. ಆಮೇಲೆ ಹಸಿರು ಕಟ್ಟಿನಿಂದ ಒಂದು ಹಾಳೆ ಹರಿದು, 4417 ಎಂದು ಬರೆದು, ಸಹಿ ಹಾಕಿ ಓಡಮ್ ಕೈಗೆ ಕೊಟ್ಟಳು. ಷರಾ ಬರೆಯುವ ಜಾಗವನ್ನು ಖಾಲಿ ಬಿಟ್ಟಳು.

ವೆಂಡಲ್ ಅವಳ ಎರಡೂ ಕೈ ಹಿಡಿದು ಕುಲುಕಿದ. "ಒಂದು ಕಾಪಿ ತಂದುಕೊಡ್ತೀನಿ! ನಿಮ್ಮ ಹೆಸರು ಬರೆದು!" ಎಂದು ಕೂಗಿಕೊಂಡು ಹೋದ.

ತರಲಿಲ್ಲ. ಅವನ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ; ಹುಡುಗರು ಹಾಗೆಯೇ ಎನ್ನುತ್ತಿದ್ದಳು. ಮುಂದಿನ ಬೇಸಗೆಗೆ ತಂಡ ಒಡೆಯಿತಂತೆ. ರೆಕಾರ್ಡನ್ನು ಕೊಂಡವರು ಕಡಿಮೆ. ಆದರೆ ಕೊಂಡ ಹುಡುಗರಲ್ಲಿ ಬಹಳ ಜನ ತಾವೇ ಗಿಟಾರು ಹಿಡಿದು ಮನೆಯ ಗ್ಯಾರೇಜಿನಲ್ಲಿ ತಂಡ ಕಟ್ಟಿದರು ಎಂದು ಆಮೇಲೆ ಜನ ಹೇಳುವುದನ್ನು ಕೇಳಿದ್ದೇನೆ. ಯಾದ್ವಿಗಾಳನ್ನು ಯಾರೂ ಡಾಕ್ಟರ ಬಳಿ ಕಳಿಸಲಿಲ್ಲ. ಕಾರ್ಖಾನೆ ಮುಚ್ಚುವವರೆಗೆ, ಇನ್ನೂ ಐದು ವರ್ಷ, ಅವಳು ಅದೇ ಕೋಣೆಯಲ್ಲಿ ಕುಳಿತಳು. ಕೆಂಪು ಚೀಟಿಗಳು ಮಾತ್ರ ಕಡಿಮೆಯಾದವು. ಹುಡುಗಿಯರು ಕಿವಿ ಮೆತ್ತಗಾಯಿತು ಎಂದು ಖುಷಿಪಟ್ಟರು. ಆದರೂ ಅವಳ ಬೆಂಚಿನಲ್ಲಿ ಕೂರುವ ಅಭ್ಯಾಸ ಯಾರಿಗೂ ಬರಲಿಲ್ಲ. ಅಲ್ಲೇ ಇದ್ದ ನನಗೂ ಬರಲಿಲ್ಲ. ನಾನು ಅವಳ ಜೊತೆ ಕೂತು ಮಾತಾಡಿದ್ದು ಬೀಗ ಬಿದ್ದ ಮೇಲೆ, ಎರಡೇ ಸಲ.

ಹಸಿರು ಚೀಟಿಗೆ ಸಹಿ ಹಾಕಿದ್ದು ಆ ಹುಡುಗನಿಗಾಗಿಯೋ, ತನ್ನ ಕಿವಿಯ ಹೆದರಿಕೆಗೋ ಎಂದು ಆಗ ನಾನು ಕೇಳಿದೆ. ಅವಳು ಚಹಾಕ್ಕೆ ಸಕ್ಕರೆ ಹಾಕಿ ಕಲಕುತ್ತ, ನಿನಗೆಷ್ಟು ಚಮಚ ಎಂದು ಕೇಳಿದಳು. ಆ ರೆಕಾರ್ಡನ್ನು ಹುಡುಕಿ ತಂದು ನಾನೂ ಕೇಳಿದ್ದೇನೆ. ಆದರೆ ನನಗೆ ಸಿಕ್ಕಿದ್ದು ಎಷ್ಟೋ ಕೈ ದಾಟಿ ಬಂದ ಹಳೆಯ ಪ್ರತಿ, ಮೈತುಂಬ ಗೀರು, ಮೊದಲಿಂದ ಕೊನೆವರೆಗೆ ಚಟಪಟ ಸದ್ದು. ಅವಳ ಟಿಕ್ ಅದರಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.