ಬಾಯಿ ಒಂದು ಕಡೆ, ಮಾತು ಒಂದು ಕಡೆ

ಭಾನುವಾರ ಊಟವಾದ ಮೇಲೆ ನಮ್ಮ ಮನೆಯಲ್ಲಿ ಸಿನಿಮಾ. ಯಾವುದನ್ನು ನೋಡುವುದೆಂದು ಆರಿಸುವ ಸರದಿ ವಾರಕ್ಕೊಬ್ಬರದು. ಒಮ್ಮೆ ಮಾವ ಹನುಮಂತಯ್ಯ, ಒಮ್ಮೆ ಅತ್ತೆ ಅಕ್ಕಯ್ಯಮ್ಮ, ಇನ್ನೊಮ್ಮೆ ನನ್ನ ಮಗಳು ಅಪೂರ್ವ, ಆಮೇಲೆ ನಾನು. ನನ್ನ ಗಂಡನಿಗೆ ಸರದಿಯಿಲ್ಲ. ಮೂಡಲಪಾಳ್ಯದ ನಮ್ಮ ಹಾರ್ಡ್‌ವೇರ್ ಅಂಗಡಿಗೆ ಗಿರಾಕಿ ಹೆಚ್ಚು ಬರುವುದೇ ಭಾನುವಾರ.

ಅಪೂರ್ವಳ ಸರದಿ ಬಂದರೆ ಜಗಳ ಖಚಿತ. ಅವಳಿಗೆ ಮಲಯಾಳಂ ಪತ್ತೇದಾರಿ ಚಿತ್ರಗಳ ಹುಚ್ಚು. ಭಾಷೆ ಬಾರದು, ಹಾಗಾಗಿ ಕನ್ನಡಕ್ಕೆ ಡಬ್ ಆದದ್ದನ್ನು ಹಾಕುತ್ತಾಳೆ. ಹೆಸರುಗಳು ಮುಗಿದು ಕಥೆ ಶುರುವಾಗುವಷ್ಟರಲ್ಲಿ ಮಾವ ಟವೆಲ್ ಕೊಡವಿ ಏಳುತ್ತಾರೆ.

“ಇದೇನ್ ಸಿನಿಮಾನೇ? ಬಾಯಿ ಒಂದು ಕಡೆ, ಮಾತು ಒಂದು ಕಡೆ.”

“ತಾತಾ, ಕನ್ನಡದಲ್ಲೇ ಮಾತಾಡ್ತಾ ಇದಾರಲ್ಲ!”

“ನನಗೆ ಹೇಳ್ಕೊಡಬೇಡ. ಡಬ್ಬಿಂಗ್ ಬೇಡ ಅಂತ ಬಾವುಟ ಹಿಡ್ಕೊಂಡು ಬೀದಿಗಿಳಿದೋನು ನಾನು.”

“ಆಯ್ತು, ಅಧ್ಯಕ್ಷರೇ,” ಎಂದು ಅವಳು ಕೈಮುಗಿಯುತ್ತಾಳೆ. ಮಾವ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾ ಕೂರುತ್ತಾರೆ. ಇದು ಕನ್ನಡಾಭಿಮಾನವೆಂದು ನಾವೆಲ್ಲ ಒಪ್ಪಿಕೊಂಡಿದ್ದೆವು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ವಿವರಣೆಗೆ ಒಗ್ಗದ ಒಂದು ಸಂಗತಿ ಸಿಕ್ಕರೂ ಅದು ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತದೆ. ನನ್ನ ಸರದಿಯಲ್ಲಿ ಒಂದು ಅಪ್ಪಟ ಕನ್ನಡ ಚಿತ್ರ ಹಾಕಿದ್ದೆ. ಕಾಡು, ಹೊಳೆ, ಹಕ್ಕಿಗಳನ್ನು ತೋರಿಸುತ್ತಾ ತೆರೆಯ ಹಿಂದಿನ ದನಿಯೊಂದು ಕಥೆ ಹೇಳುತ್ತಿತ್ತು. ಮಾವ ಅದರಿಂದಲೂ ಎದ್ದು ಹೋದರು. ಅತ್ತೆ ಆರಿಸಿದ ಇನ್ನೊಂದು ಕನ್ನಡ ಚಿತ್ರ ಬಹುಪಾಲು ಕತ್ತಲಲ್ಲೇ ನಡೆಯುತ್ತಿತ್ತು. ಅದಕ್ಕೂ ಕೂರಲಿಲ್ಲ. ಆದರೆ ಮುಖಗಳನ್ನು ಹತ್ತಿರದಿಂದ ತೋರಿಸುವ ಹಳೆಯ ಸಂಸಾರದ ಕಥೆಗಳಿಗೆ ಕದಲದೆ ಕೂರುತ್ತಿದ್ದರು. ಹಿಂದೆ ಮಾರ್ಕೆಟ್ಟಿಗೆ ಸೊಪ್ಪು ಹಾಕುತ್ತಿದ್ದಾಗ ಕಲಿತ ತಮಿಳಿನ ಚಿತ್ರಗಳಿಗೂ ಅಷ್ಟೇ. ಅವರು ಎದ್ದು ಹೋದ ಚಿತ್ರಗಳಲ್ಲಿ ಸಮಾನವಾದದ್ದು ಭಾಷೆಯಲ್ಲ ಅನ್ನಿಸಿತು. ಅವುಗಳಲ್ಲಿ ಮಾತಿಗೆ ಹೊಂದುವ ತುಟಿ ಕಾಣುತ್ತಿರಲಿಲ್ಲ.

ಊಹೆಯನ್ನು ಪರೀಕ್ಷಿಸದೆ ಬಿಡುವುದು ನನ್ನಿಂದಾಗದು. ಮಾವನ ಸರದಿಯ ಭಾನುವಾರ ಹಳೆಯ ಕನ್ನಡ ಹಾಸ್ಯಚಿತ್ರವೊಂದು ಓಡುತ್ತಿತ್ತು. ಅತ್ತೆ ಚಾಪೆಯ ಮೇಲೆ ನಿದ್ದೆ ಹೋಗಿದ್ದರು. ಅಪೂರ್ವ ಬಟ್ಟೆ ತರಲು ಮಹಡಿಗೆ ಹೋಗಿದ್ದಳು. ನಾನು ರಿಮೋಟ್ ತೆಗೆದುಕೊಂಡು ಟಿವಿಯ ದನಿಯನ್ನು ಪೂರ್ತಿ ಅಡಗಿಸಿದೆ.

ಫ್ಯಾನಿನ ಸದ್ದೊಂದೇ ಉಳಿಯಿತು. ತೆರೆಯ ಮೇಲೆ ಇಬ್ಬರು ಬೀಗರು ಬಾಯಿ ಆಡಿಸುತ್ತಿದ್ದರು. ಮಾವ ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ಬೀಗರಲ್ಲೊಬ್ಬ ಬೆನ್ನು ತಿರುಗಿಸಿದ. ಮಾವ ಕತ್ತು ಮುಂದೆ ಚಾಚಿದರು. ಆಗಲೇ ಪರದೆಯ ಮೂಲೆಯಲ್ಲಿದ್ದ, ಗೀಟು ಹೊಡೆದ ಸ್ಪೀಕರಿನ ಗುರುತು ಅವರಿಗೆ ಕಂಡಿತು. ಅವರ ಕಣ್ಣು ನನ್ನ ಕೈಯ ಕಡೆ ತಿರುಗಿತು.

“ಪರೀಕ್ಷೆ ಮಾಡ್ದಾ, ಕುಸುಮಾ?”

ನಾನು ಅವರಿಗೆ ಮುಖ ಕಾಣುವಂತೆ ಎದುರು ಬಂದು ಕೂತೆ. “ತಪ್ಪಾಯ್ತು ಮಾವ. ಯಾವಾಗಿಂದ ಹೀಗೆ?”

“ಗೊತ್ತೇ ಆಗ್ಲಿಲ್ಲ. ಮೊದ್ಲು ಹಕ್ಕಿ ಸದ್ದು ಹೋಯ್ತು. ಆಮೇಲೆ ಕುಕ್ಕರ್ ವಿಷಲ್. ಮಾತು ಚೂರುಚೂರು ಬರತ್ತೆ. ಮುಖ ಕಂಡ್ರೆ ಜೋಡಿಸ್ಕೋತೀನಿ.”

“ಡಾಕ್ಟರ್‌ಗೆ ತೋರಿಸೋಣ. ಈಗ ಸಣ್ಣ ಮಿಷಿನ್ ಬಂದಿವೆ.”

“ನಮ್ಮಣ್ಣನಿಗೂ ಹಾಕ್ಸಿದ್ರು. ಕಿವಿ ಕೇಳಲ್ಲ ಅಂತ ಗೊತ್ತಾದ ದಿನದಿಂದ ಅವನ ಎದುರಿಗೇ ಕೂತು ಅವನ ವಿಷಯ ಮಾತಾಡೋರು. ಅವನೇನೋ ಕುರ್ಚಿ ಅನ್ನೋ ಹಾಗೆ. ನಾನೂ ಮಾತಾಡಿದೀನಿ.” ಮೆಟ್ಟಿಲ ಮೇಲೆ ಅಪೂರ್ವಳ ನೆರಳು ಬಿತ್ತು. ಮಾವ ದನಿ ತಗ್ಗಿಸಿದರು. “ಯಾರಿಗೂ ಹೇಳ್ಬೇಡ.”

ಆಗಲಿ ಎಂದೆ. ಆದರೆ ಸರದಿ ಸುತ್ತಿ ಅಪೂರ್ವಳ ಭಾನುವಾರ ಬಂತು. ಅವಳು ಕಾದು ಕೂತಿದ್ದ ಪತ್ತೇದಾರಿ ಚಿತ್ರದ ಡಬ್ ಬಂದಿತ್ತು. ನಾನು ಮೊದಲೇ ಕನ್ನಡ ಸಬ್‌ಟೈಟಲ್ ಹಾಕಿಟ್ಟೆ.

“ಅಕ್ಷರ ಯಾಕಮ್ಮ?”

“ಕ್ಲಾಸಲ್ಲಿ ಕಿರುಚಿ ಕಿರುಚಿ ಕಿವಿ ಗುಂಯ್ ಅಂತಿದೆ ಕಣೇ.”

ಮಾವ ಟವೆಲ್ ಕೊಡವಲಿಲ್ಲ. ತುಟಿಯನ್ನು ಬಿಟ್ಟು ಅಕ್ಷರ ಹಿಡಿದರು. ಎಲ್ಲ ಸರಿಹೋಯಿತು ಎಂದುಕೊಂಡೆ. ನಾನು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿಯೊಂದಿತ್ತು. ಅಕ್ಷರಗಳು ಮಾತಿಗಿಂತ ಒಂದು ಉಸಿರು ಮುಂಚೆ ಬರುತ್ತಿದ್ದವು. ಕೊಲೆಯಾದವನ ತಮ್ಮ ಬಾಯಿ ತೆರೆಯುವ ಮುನ್ನವೇ ಮಾವ, “ಅಯ್ಯೋ, ಇವನೇನಾ!” ಎಂದುಬಿಟ್ಟರು.

“ತಾತಾ! ಅವನಿನ್ನೂ ಹೇಳೇ ಇಲ್ಲ!” ಅಪೂರ್ವ ರಿಮೋಟ್ ಕಿತ್ತುಕೊಂಡಳು. “ಸಸ್ಪೆನ್ಸ್ ಎಲ್ಲಾ ಹಾಳು. ತೆಗೀತೀನಿ ಇದನ್ನ.”

“ನನಗೆ ಬೇಕು ಕಣೇ,” ಎಂದೆ.

“ನೀನು ಆಗಿಂದ ಫೋನ್ ನೋಡ್ತಾ ಇದೀಯ!”

ಅದು ನಿಜವಾಗಿತ್ತು. ಅಕ್ಷರಗಳು ಹೋದವು. ಮಾವನ ಕೈ ಹೆಗಲ ಮೇಲಿನ ಟವೆಲಿನತ್ತ ಹೋಯಿತು. ಗೇಟಿನ ಕಡೆ ನೋಡಿದರು, ತೆರೆಯ ಕಡೆ ನೋಡಿದರು. ಆ ತಮ್ಮ ಇನ್ನೇನು ಹೇಳಿದನೋ ಎಂಬ ಕುತೂಹಲ ಅವರ ಮುಖದ ಮೇಲೆ ಹಾಗೇ ಇತ್ತು.

“ಹಾಕೇ ಅದನ್ನ,” ಎಂದರು. “ಬೇಕಾಗಿರೋದು ನನಗೆ. ನನಗೆ ಕಿವಿ ಸರಿಯಾಗಿ ಕೇಳಲ್ಲ.”

ಅಪೂರ್ವ ಚಿತ್ರ ನಿಲ್ಲಿಸಿದಳು. ಮೊದಲು ಮಾತಾಡಿದ್ದು ಅತ್ತೆ. “ಹಂಗಾದ್ರೆ ನಾನು ಕರೆದ್ರೂ ತಿರುಗ್ದೆ ಇದ್ದಿದ್ದು ಅದಕ್ಕಾ? ನಾನು ಪೊಗರು ಅನ್ಕೊಂಡಿದ್ದೆ.”

“ಅರ್ಧ ಪೊಗರೇ,” ಎಂದರು ಮಾವ. ಯಾರೂ ನಗಲಿಲ್ಲ. ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು.

ಅಪೂರ್ವ ಎದ್ದು ಹೋಗಿ ಅವರ ಮುಂದೆ ನೆಲದ ಮೇಲೆ ಕೂತಳು. “ತಾತಾ, ಇಷ್ಟು ದಿನ ತುಟಿ ನೋಡೇ ಸಿನಿಮಾ ನೋಡ್ತಿದ್ರಾ? ಸೌಂಡ್ ಇಲ್ದೆ ಹೇಳಿದ್ರೂ ಗೊತ್ತಾಗತ್ತಾ?”

“ಸುಮಾರಾಗಿ. ಪ, ಬ, ಮ ಎಲ್ಲಾ ಒಂದೇ ಥರ ಕಾಣತ್ತೆ.”

ಅವಳು ನಮಗೆ ಬೆನ್ನು ಮಾಡಿ, ಒಂದಿಷ್ಟೂ ದನಿಯಿಲ್ಲದೆ ಏನೋ ಹೇಳಿದಳು. ಮಾವ ಹುಬ್ಬು ಗಂಟಿಕ್ಕಿದರು. “ನಿಧಾನ. ಇನ್ನೊಂದ್ಸಲ.” ಅವಳು ಮತ್ತೆ ಹೇಳಿದಳು. ಮಾವನ ಕಣ್ಣು ಅಗಲವಾಯಿತು.

“ನಿಮ್ಮಮ್ಮನಿಗೆ ಗೊತ್ತಾ ಇದು?”

“ಏನೇ ಅದು?” ಎಂದೆ ನಾನು.

“ನಿನಗಲ್ಲ ಬಿಡಮ್ಮ.”

“ಏನ್ರೀ ಅದು?” ಎಂದರು ಅತ್ತೆ.

ಮಾವ ಮೊಮ್ಮಗಳ ಕಡೆ ಬಾಗಿ, ಈಗ ಅವರೂ ದನಿ ತೆಗೆಯದೆ ತುಟಿ ಆಡಿಸಿದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ತುಟಿಗಳು ಒಮ್ಮೆ ಮುಚ್ಚಿದ್ದಷ್ಟೇ ತಿಳಿಯಿತು. ಪ ಇರಬಹುದು, ಬ ಇರಬಹುದು.