ಸೂಪರ್ ಗ್ಲೂ ಹಾಕಿದ ಎಂಜಿನ್

ಪುರಂದರಣ್ಣನ ಮುಖ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ.

ದುಬೈಯ ಅಲ್ ಕೂಸ್‌ನಲ್ಲಿ ಅವರದ್ದು ಮಾದರಿ ತಯಾರಿಸುವ ವರ್ಕ್‌ಶಾಪ್. ಬಿಲ್ಡರುಗಳಿಗೆ ಟವರು, ವಿಲ್ಲಾ. ಒಮ್ಮೊಮ್ಮೆ ಪ್ರದರ್ಶನಗಳಿಗೆ ಹಡಗು, ವಿಮಾನ. ಒಂಬತ್ತು ವರ್ಷಗಳಿಂದ ಅಲ್ಲಿಯ ಸೂಕ್ಷ್ಮ ಕೆಲಸವೆಲ್ಲ ನನ್ನ ಕೈಯದ್ದು. ಆದರೆ ನನ್ನ ವೀಸಾದಲ್ಲಿರುವ ಹುದ್ದೆ ಕ್ಲೀನರ್. ನಾನು ಬಂದಾಗ ಖಾಲಿ ಇದ್ದದ್ದು ಆ ವೀಸಾ ಒಂದೇ. ಆಮೇಲೆ ಬದಲಿಸುವ ಎಂದಿದ್ದರು. ಉಡುಪಿ ಹತ್ತಿರದ ಕಾಪುವಿನವರು, ನಮ್ಮವರು ಎಂದು ನಂಬಿದೆ. ನಂಬಿದ್ದು ನನ್ನ ತಪ್ಪು.

ಈ ಸಲ ಅಬುಧಾಬಿಯ ರೈಲು ಪ್ರದರ್ಶನಕ್ಕೆ ಎರಡು ಎಂಜಿನ್‌ಗಳ ಮಾದರಿ ಬೇಕಿತ್ತು. ಐವತ್ತರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರೈಲ್ರೋಡ್ ಪರೀಕ್ಷೆಗೆಂದು ಓಡಿಸಿದ ವಿದ್ಯುತ್ ಎಂಜಿನ್‌ಗಳವು. ತಂತಿಯಿಂದ ಬಂದ ಎಸಿ ಕರೆಂಟನ್ನು ಪಾದರಸದ ಕೊಳವೆಗಳಲ್ಲಿ ಡಿಸಿ ಮಾಡಿ ಮೋಟಾರಿಗೆ ಕೊಡುವ ಪ್ರಯೋಗ. ಎರಡಕ್ಕೂ ಆರಾರು ಜೋಡಿ ಚಕ್ರ. ಒಂದರಲ್ಲಿ ಎರಡೆರಡು ಜೋಡಿ ಚಕ್ರ ಹಿಡಿದ ಮೂರು ಚೌಕಟ್ಟು, ಇನ್ನೊಂದರಲ್ಲಿ ಮೂರು ಮೂರು ಜೋಡಿಯ ಎರಡು ಚೌಕಟ್ಟು. ಆ ವ್ಯತ್ಯಾಸ ತೋರಿಸಲೆಂದೇ ಪ್ರದರ್ಶನದವರು ಎರಡನ್ನೂ ಕೇಳಿದ್ದು.

ನಾಲ್ಕು ತಿಂಗಳು ಹಳೆಯ ಫೋಟೊಗಳನ್ನು ನೋಡಿ ನೋಡಿ ಮಾಡಿದೆ. ರಾತ್ರಿ ಇಂಟರ್‌ನ್ಯಾಷನಲ್ ಸಿಟಿಯ ನನ್ನ ಬಾಡಿಗೆ ಕೋಣೆಯಲ್ಲಿ ಕಣ್ಣು ಮುಚ್ಚಿದರೂ ಅವೇ ಚಕ್ರಗಳು. ಪಕ್ಕದಲ್ಲಿ ಇಡುವ ಹಿತ್ತಾಳೆ ಫಲಕದಲ್ಲಿ ಮಾಡಿದವರ ಹೆಸರಿರುತ್ತದೆ ಎಂದು ತಿಳಿದಾಗ ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದೆ.

"ಅಣ್ಣಾ, ಇದಕ್ಕೆ ನನ್ನ ಹೆಸರು ಹಾಕಿ. ಹರಿಣಾಕ್ಷಿ ಅಂತ ಅಷ್ಟೇ ಸಾಕು."

"ನಿನಗೆ ಎಂತ ಮಂಡೆ ಸಮ ಇಲ್ವಾ ಮಾರಾಯ್ತಿ? ವೀಸಾದಲ್ಲಿ ಕ್ಲೀನರ್, ಬೋರ್ಡಿನಲ್ಲಿ ಮೇಕರ್. ಯಾರಾದ್ರೂ ನೋಡಿದ್ರೆ ಫೈನ್ ಬೀಳುದು ನಂಗೆ."

"ಹಾಗಾದ್ರೆ ವೀಸಾ ಬದಲಿಸಿ."

"ಮುಂದಿನ ವರ್ಷ ನೋಡುವ. ಈಗ ಖಲಾಸ್."

ಫಲಕದಲ್ಲಿ ತಮ್ಮ ಹೆಸರನ್ನೇ ಕೆತ್ತಿಸಿದರು. ನಾಚಿಕೆಯೂ ಆಗಲಿಲ್ಲ ಅವರಿಗೆ.

ದಾರಿಯಲ್ಲಿ ಮುರಿಯಬಾರದೆಂದು ಸೂಕ್ಷ್ಮ ಭಾಗಗಳನ್ನು ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಕಳಿಸುವುದು ನಮ್ಮ ರೂಢಿ; ಈ ಎಂಜಿನ್‌ಗಳ ಚಕ್ರದ ಚೌಕಟ್ಟುಗಳನ್ನೂ ಹಾಗೆಯೇ ಬಿಚ್ಚಿ ಕಳಿಸಿದೆವು. ಅಲ್ಲಿ ಹೋಗಿ ಜೋಡಿಸುವವಳು ಯಾವಾಗಲೂ ನಾನು. ಈ ಸಲ ನನ್ನನ್ನು ಬಿಟ್ಟು ತಾವೇ ಹೋದರು. ಉದ್ಘಾಟನೆಯ ದಿನ ಬೆಳಿಗ್ಗೆ ಫೋನ್ ಬಂತು: "ಬೇಗ ಬಾ. ಟ್ಯಾಕ್ಸಿ ಮಾಡು."

ಹೋಗಿ ನೋಡಿದರೆ ಚೌಕಟ್ಟುಗಳು ಅದಲುಬದಲಾಗಿವೆ, ಒಂದು ಎಂಜಿನ್‌ನದ್ದು ಇನ್ನೊಂದರ ಕೆಳಗೆ. ಬೋಲ್ಟ್ ತೂತಿಗೆ ಕೂರದಿದ್ದಾಗಲಾದರೂ ತಿಳಿಯಬೇಡವೇ? ಆ ಪುಣ್ಯಾತ್ಮ ಸೂಪರ್ ಗ್ಲೂ ಹಾಕಿ ಅಂಟಿಸಿದ್ದರು.

ಪ್ರದರ್ಶನದ ಉಸ್ತುವಾರಿ ನೋಡುತ್ತಿದ್ದ ಹನಾ, ನಮ್ಮ ಮಂಗಳೂರಿನ ಕಡೆಯ ಹುಡುಗಿ, ಹಳೆಯ ಫೋಟೊ ಹಿಡಿದುಕೊಂಡು ನಿಂತಿದ್ದಳು. "ಪುರಂದರ್ ಸರ್, ಇನ್ನು ಎರಡು ಗಂಟೆ ಉಂಟು. ಮಾಡಿದವರು ನೀವೇ ಅಲ್ವಾ, ಸರಿ ಮಾಡಿಕೊಡಿ."

ಅವರು ನನ್ನ ಕಡೆ ತಿರುಗಿದರು. "ಹರಿಣಾಕ್ಷಿ, ನೀನು ಸ್ವಲ್ಪ ನೋಡು ಅಕ್ಕಾ."

ಒಂಬತ್ತು ವರ್ಷಗಳಲ್ಲಿ ಅಂದೇ ಮೊದಲು ನಾನು ಅಕ್ಕ ಆದದ್ದು.

ನನ್ನ ಚೀಲದಲ್ಲಿ ಗ್ಲೂ ಬಿಡಿಸುವ ಅಸಿಟೋನ್ ಬಾಟಲಿ ಇತ್ತು. ಒಂದು ಗಂಟೆಯ ಕೆಲಸ. ಬಾಟಲಿಯ ಪಕ್ಕದಲ್ಲಿ ಒರೆಸುವ ಬಟ್ಟೆಯೂ ಇತ್ತು. ನಾನು ಬಟ್ಟೆ ತೆಗೆದೆ. ಎರಡೂ ಎಂಜಿನ್‌ಗಳ ಧೂಳು ಒರೆಸಿದೆ. ಅವರ ಹೆಸರು ಹೊಳೆಯುವಷ್ಟು ಫಲಕವನ್ನೂ ಒರೆಸಿದೆ.

"ನಾನು ಕ್ಲೀನರ್ ಅಲ್ವಾ ಅಣ್ಣಾ. ಕ್ಲೀನ್ ಮಾಡಿದ್ದೇನೆ."

ನಾನು ತಿರುಗಿ ನೋಡದೆ ಹೊರಗೆ ಬಂದೆ.

ದುಬೈ ಬಸ್ಸು ಹತ್ತಿದ ಮೇಲೆ ಸೇಡಿನ ಸಂತೋಷ ಹತ್ತು ನಿಮಿಷವೂ ಉಳಿಯಲಿಲ್ಲ. ಪ್ರದರ್ಶನ ಮೂರು ತಿಂಗಳು. ಅಷ್ಟು ದಿನವೂ ನನ್ನ ಎಂಜಿನ್‌ಗಳು ತಪ್ಪು ಚಕ್ರಗಳ ಮೇಲೆ ನಿಂತಿರುತ್ತವೆ, ತಿಳಿದವರು ನೋಡಿ ನಗುತ್ತಾರೆ. ಇನ್ನು ಯಾರಾದರೂ ಕೇಳಿದರೂ, ಅವನ್ನು ಮಾಡಿದವಳು ನಾನು ಎಂದು ಹೇಳಲು ನನಗೇ ಬಾಯಿ ಬರುವುದಿಲ್ಲ.